ಚಿಕ್ಕ ರೋಟರಿ ಟೂಲ್ ಮನೆಗೆ ಬೇಕಾ? ಬಳಸಿದವರು ಹೇಳಿ

ಮನೆಯಲ್ಲಿ ಡ್ರಿಲ್ ಇದೆ, ಹ್ಯಾಕ್ಸಾ ಇದೆ, ಒಂದೆರಡು ಅರ ಇದೆ. ಸಣ್ಣಪುಟ್ಟ ರಿಪೇರಿ ಎಲ್ಲ ಇಷ್ಟರಲ್ಲೇ ಮಾಡಿಕೊಳ್ಳುತ್ತೇನೆ. ಈಗ ಡ್ರೆಮೆಲ್ ಕಂಪನಿಯದ್ದರ ಥರದ ಚಿಕ್ಕ ರೋಟರಿ ಟೂಲ್ (ತುದಿಯಲ್ಲಿ ಸಣ್ಣ ಬಿಟ್ ಇಲ್ಲವೇ ಡಿಸ್ಕ್ ಜೋರಾಗಿ ತಿರುಗುವ ಕೈಯಂತ್ರ) ಮೇಲೆ ಕಣ್ಣು ಬಿದ್ದಿದೆ. ಕತ್ತರಿಸುತ್ತದೆ, ಉಜ್ಜುತ್ತದೆ, ಕೊರೆಯುತ್ತದೆ, ಪಾಲಿಶ್ ಮಾಡುತ್ತದೆ ಅಂತೆಲ್ಲ ಡಬ್ಬದ ಮೇಲೆ ಬರೆದಿರುತ್ತದೆ. ನಿಜವಾಗಿ ಕೆಲಸಕ್ಕೆ ಬರುತ್ತಾ, ಇಲ್ಲ ನಾಲ್ಕು ದಿನ ಆಡಿಸಿ ಅಟ್ಟ ಸೇರುತ್ತಾ?

* * *

ಕೆಲಸಕ್ಕೆ ಬರುತ್ತದೆ. ಆದರೆ ದೊಡ್ಡ ಕೆಲಸ ಅದರಿಂದ ನಿರೀಕ್ಷಿಸಬೇಡಿ. ಬೇರೆ ಯಾವ ಸಾಮಾನೂ ತೂರದ ಜಾಗದಲ್ಲಿ ಎರಡು ನಿಮಿಷದ ಕೆಲಸ ಇರುತ್ತಲ್ಲ, ಅದು ಇದರದ್ದು.

ತಲೆ ಸವೆದ ಸ್ಕ್ರೂವನ್ನೇ ತೆಗೆದುಕೊಳ್ಳಿ. ಸ್ಕ್ರೂಡ್ರೈವರ್ ಇಟ್ಟರೆ ಸುಮ್ನೆ ಜಾರುತ್ತದೆ. ರೋಟರಿ ಟೂಲ್‌ಗೆ ತೆಳು ಕಟಿಂಗ್ ಡಿಸ್ಕ್ ಹಾಕಿ ಸ್ಕ್ರೂ ತಲೆಗೆ ಅಡ್ಡಲಾಗಿ ಒಂದು ತೋಡು ಕೊರೆದು, ಚಪ್ಪಟೆ ಸ್ಕ್ರೂಡ್ರೈವರ್‌ನಲ್ಲಿ ತಿರುಗಿಸಿದರೆ ಬರುತ್ತದೆ. ಡಿಸ್ಕ್ ಗುಂಡಗಿರುವುದರಿಂದ ತೋಡು ನಡುವೆ ಆಳ, ತುದಿಗಳಲ್ಲಿ ತೆಳುವಾಗಿರುತ್ತದೆ. ತಲೆ ಮರದ ಮಟ್ಟಕ್ಕೆ ಇಳಿದಿದ್ದರೆ ಅಕ್ಕಪಕ್ಕದ ಮರಕ್ಕೂ ಸ್ವಲ್ಪ ಗೀರು ಬೀಳುತ್ತದೆ. ಅದಕ್ಕೆ ಒಪ್ಪಿಕೊಂಡೇ ಕೈ ಹಾಕಿ. ಕೊರೆದ ತಕ್ಷಣ ಸ್ಕ್ರೂ ಸುಡುತ್ತಿರುತ್ತದೆ, ಬೆರಳು ಇಡಬೇಡಿ. ಹಾಗೂ ಬರಲಿಲ್ಲ ಅಂದರೆ ತಲೆಯನ್ನೇ ಕತ್ತರಿಸಿ ಹಾಕಿ, ಉಳಿದ ಕಡ್ಡಿಯನ್ನು ಪ್ಲೈಯರ್‌ನಲ್ಲಿ ಹಿಡಿದು ತಿರುಗಿಸಬಹುದು.

ಬಾಗಿಲಿನ ಬೀಗದ ನಾಲಗೆ ಎದುರಿನ ತಟ್ಟೆಯ ತೂತಿಗೆ ಕೂದಲೆಳೆಯಷ್ಟು ತಾಗುತ್ತಿದ್ದರೂ ಅಷ್ಟೇ, ಗ್ರೈಂಡಿಂಗ್ ಸ್ಟೋನ್‌ನಲ್ಲಿ ಎರಡು ಸಲ ಸವರಿದರೆ ಮುಗಿಯಿತು. ತುಕ್ಕು ಹಿಡಿದು ಕಚ್ಚಿಕೊಂಡ ಬೋಲ್ಟ್, ಗೋಡೆಗೆ ಅಂಟಿಕೊಂಡಿರುವ ಪೈಪ್‌ನ ಕ್ಲಾಂಪ್, ಸ್ವಿಚ್ ಬಾಕ್ಸ್‌ನ ಪ್ಲಾಸ್ಟಿಕ್ ಅಂಚು, ಇಂಥವೇ ಜಾಸ್ತಿ.

* * *

ಮೇಲಿನವರು ಹೇಳಿದ್ದು ಸರಿ. ಆದರೂ ನಾನಾದರೆ ಬೇಡ ಅನ್ನುತ್ತೇನೆ.

ಅವರು ಹೇಳಿದ ಅರ್ಧ ಕೆಲಸ ಅರದಲ್ಲೇ ಆಗುತ್ತದೆ. ಬೀಗದ ತಟ್ಟೆಯನ್ನು ಬಿಚ್ಚಿ, ವೈಸ್‌ಗೆ ಹಾಕಿ, ಅರ ಆಡಿಸಿದರೆ ಅಂಚೂ ನೀಟಾಗಿ ಬರುತ್ತದೆ, ಸದ್ದೂ ಇಲ್ಲ, ಮನೆಯೆಲ್ಲ ಧೂಳೂ ಇಲ್ಲ. ಯಂತ್ರ ಒಂದು ಸಲದ ಖರ್ಚು. ಡಿಸ್ಕ್, ಸ್ಯಾಂಡಿಂಗ್ ಬ್ಯಾಂಡ್, ಬ್ರಶ್ ಇವು ಸವೆಯುತ್ತಲೇ ಇರುತ್ತವೆ. ದುಡ್ಡು ಹೋಗುವುದು ಅಲ್ಲಿ. ನೂರಾರು ಬಿಡಿಭಾಗದ ಡಬ್ಬ ಜೊತೆಗೇ ಬರುತ್ತದೆ ಅಂತ ಖುಷಿಪಡಬೇಡಿ. ಅದರಲ್ಲಿ ಬಳಕೆಗೆ ಬರುವುದು ನಾಲ್ಕೈದು ಬಗೆ, ಉಳಿದವು ಡಬ್ಬದಲ್ಲೇ ಇರುತ್ತವೆ. ಯಾರ ಹತ್ತಿರವಾದರೂ ಇದ್ದರೆ ಎರವಲು ತಂದು ನೋಡಿ.

* * *

ಪ್ರಶ್ನೆ ಕೇಳಿದ್ದು ನಾನೇ. ಎರಡು ವಿಷಯ. ಶೆಲ್ಫ್ ಹಾಕಲು ಗೋಡೆಗೆ ತೂತು ಇದರಲ್ಲೇ ಆಗುತ್ತಾ? ಬಚ್ಚಲಿನ ಟೈಲ್ ಸಂದಿಗೆ ತುಂಬಿದ ಹಳೇ ಗ್ರೌಟ್ ಕೆರೆದು ತೆಗೆಯಬೇಕು, ಅದು?

* * *

ಗೋಡೆಗೆ ಬೇಡ. ಈ ಟೂಲ್‌ಗೆ ವೇಗ ಜಾಸ್ತಿ, ಬಲ ಕಡಿಮೆ. ಮಾದರಿ ನೋಡಿಕೊಂಡು ನಿಮಿಷಕ್ಕೆ 5,000ದಿಂದ 35,000 ಸುತ್ತಿನವರೆಗೂ ತಿರುಗುತ್ತದೆ. ಆದರೆ ಕಾಂಕ್ರೀಟ್‌ಗೆ ಬೇಕಾದದ್ದು ಹ್ಯಾಮರ್ ಡ್ರಿಲ್‌ನ ಹೊಡೆತ, ಸುತ್ತಲ್ಲ. ರೋಟರಿ ಟೂಲ್‌ನ ಡ್ರಿಲ್ ಬಿಟ್‌ಗಳೆಲ್ಲ ಸಣ್ಣವು. ಎಲೆಕ್ಟ್ರಾನಿಕ್ ಸರ್ಕ್ಯೂಟ್ ಬೋರ್ಡ್ (ಪಿಸಿಬಿ), ತೆಳು ಪ್ಲಾಸ್ಟಿಕ್, ಆಟದ ಮಾಡೆಲ್, ಇವಕ್ಕೆ ಚೆನ್ನಾಗಿ ಆಗುತ್ತದೆ.

ಕೈಯಲ್ಲಿ ಹಿಡಿದಾಗ ಎಲ್ಲರಿಗೂ ಒತ್ತಬೇಕು ಅನ್ನಿಸುತ್ತದೆ. ಒತ್ತಿದರೆ ಸದ್ದು ಕೆಳಗಿಳಿಯುತ್ತದೆ, ಮೋಟರ್ ಬಿಸಿಯಾಗುತ್ತದೆ, ಕೆಲಸ ಮುಂದೆ ಹೋಗುವುದಿಲ್ಲ. ಸದ್ದು ಒಂದೇ ಸಮ ಇದೆಯಾ ಅಂತ ಕಿವಿ ಇಟ್ಟು ಕೇಳುತ್ತಿರಿ. ಹಗುರಾಗಿ ತಾಗಿಸಿ, ತೆಗೆಯಿರಿ, ಮತ್ತೆ ತಾಗಿಸಿ. ಪ್ಲಾಸ್ಟಿಕ್ ಆದರೆ ಅತಿ ಕಡಿಮೆ ವೇಗಕ್ಕೆ ಇಳಿಸಿ. ಇಲ್ಲದಿದ್ದರೆ ಕತ್ತರಿಸುವ ಬದಲು ಕರಗಿ, ಗೆರೆ ಹಿಂದೆಯೇ ಮತ್ತೆ ಅಂಟಿಕೊಳ್ಳುತ್ತದೆ.

ಗ್ರೌಟ್‌ಗೆ ಕಾರ್ಬೈಡ್ ಬಿಟ್ ಬರುತ್ತದೆ. ಬಿಟ್ ಸಂದಿನ ನಡುವೆಯೇ ನಿಲ್ಲುವಂತೆ ಹಿಡಿಯುವ ಗೈಡ್ ಕೂಡ ಸಿಗುತ್ತದೆ. ಅದಿಲ್ಲದೆ ಶುರು ಮಾಡಬೇಡಿ, ಬಿಟ್ ಜಾರಿದರೆ ಟೈಲ್ ಮೇಲೆ ಗೀರು ಖಾಯಂ. ಒಂದು ಮೂಲೆ, ನಾಲ್ಕು ಟೈಲ್ ಆದರೆ ಪರವಾಗಿಲ್ಲ. ಇಡೀ ಬಚ್ಚಲು ಅಂದರೆ ಕೈ ಬಿದ್ದುಹೋಗುತ್ತದೆ.

* * *

ಇಡೀ ಬಚ್ಚಲಾದರೆ ಆಸಿಲೇಟಿಂಗ್ ಮಲ್ಟಿ-ಟೂಲ್ ನೋಡಿ. ಎರಡನ್ನೂ ಮಲ್ಟಿ-ಟೂಲ್ ಅಂತ ಮಾರುವುದರಿಂದ ಗೊಂದಲ ಆಗುತ್ತದೆ. ಆದರೆ ಎರಡೂ ಬೇರೆ ಬೇರೆ ಯಂತ್ರ. ಆಸಿಲೇಟಿಂಗ್‌ನಲ್ಲಿ ಬ್ಲೇಡ್ ಸುತ್ತುವುದಿಲ್ಲ, ಅತ್ತಿತ್ತ ಕೆಲವೇ ಡಿಗ್ರಿ ಅದುರುತ್ತದೆ. ಮೂಳೆ ಮುರಿದವರ ಪ್ಲಾಸ್ಟರ್ ಕತ್ತರಿಸಲು ಜರ್ಮನಿಯ ಫೈನ್ ಕಂಪನಿ 1967ರಲ್ಲಿ ತಂದ ಗರಗಸದಿಂದ ಬಂದದ್ದು ಇದು. ಗಟ್ಟಿ ಪ್ಲಾಸ್ಟರ್ ಕತ್ತರಿಸುತ್ತದೆ, ಕೆಳಗಿನ ಮೆತ್ತನೆ ಚರ್ಮ ಬ್ಲೇಡ್ ಜೊತೆಗೇ ಅಲುಗುವುದರಿಂದ ಸುಲಭಕ್ಕೆ ಕೊಯ್ಯುವುದಿಲ್ಲ. ಬಾಗಿಲ ಚೌಕಟ್ಟಿನ ಬುಡ ಕತ್ತರಿಸಲು, ಗ್ರೌಟ್ ತೆಗೆಯಲು, ಹಳೇ ಸೀಲೆಂಟ್ ಕೆರೆಯಲು ಇದೇ ಸರಿ. ಮನೆಗೆ ಎರಡರಲ್ಲಿ ಒಂದೇ ಅಂದರೆ ನನ್ನ ಓಟು ಇದಕ್ಕೆ. ಲೋಹದ ಸಣ್ಣ ಕೆಲಸ, ಕೆತ್ತನೆ, ಮಾಡೆಲ್ ಮಾಡುವ ಹುಚ್ಚು ಇದ್ದರೆ ಮಾತ್ರ ರೋಟರಿ.

* * *

ರೋಟರಿಯೇ ಅಂತ ತೀರ್ಮಾನಿಸಿದರೆ ವ್ಯಾಟ್ ನೋಡುವ ಮುಂಚೆ ಕಾಲೆಟ್ ನೋಡಿ. ಬಿಟ್‌ನ ಬುಡವನ್ನು ಕಚ್ಚಿ ಹಿಡಿಯುವ ಭಾಗ ಅದು. ಬಿಟ್‌ಗಳ ಬುಡ ಸಾಮಾನ್ಯವಾಗಿ 3.2 ಮಿಲಿಮೀಟರ್, ಕೆಲವು 2.4ರ ಸುಮಾರು. ಎರಡಕ್ಕೂ ಕಾಲೆಟ್ ಜೊತೆಗಿದ್ದರೆ ಒಳ್ಳೆಯದು. ಅಂಗಡಿಯಲ್ಲಿ ಬಿಟ್ಟರೆ ಒಂದು ಬಿಟ್ ಹಾಕಿ ಓಡಿಸಿ ನೋಡಿ. ತುದಿ ಒಂದೇ ಚುಕ್ಕೆಯಂತೆ ನಿಂತರೆ ಸರಿ. ಮಸುಕಾಗಿ ಅಗಲ ಕಂಡರೆ ಓಲಾಡುತ್ತಿದೆ ಅಂತ ಅರ್ಥ. ಅಂಥದ್ದರಲ್ಲಿ ಸೂಕ್ಷ್ಮ ಕೆಲಸ ಆಗುವುದಿಲ್ಲ, ಕೈಗೂ ಜೋಮು ಹಿಡಿಯುತ್ತದೆ. ವೇಗ ಹೆಚ್ಚುಕಡಿಮೆ ಮಾಡುವ ಗುಂಡಿ ಇರಲೇಬೇಕು. ಮೋಟರ್‌ಗೆ ಕರೆಂಟ್ ಮುಟ್ಟಿಸುವ, ಸವೆಯುವ ಕಾರ್ಬನ್ ಬ್ರಶ್ ಹೊರಗಿನಿಂದಲೇ ಬಿಚ್ಚಿ ಬದಲಿಸುವಂತಿದ್ದರೆ ವರ್ಷಗಟ್ಟಲೆ ಬಾಳುತ್ತದೆ. ನಿಮ್ಮಂಥ ಅಪರೂಪದ ಬಳಕೆಗೆ ಬ್ಯಾಟರಿಗಿಂತ ವೈರಿನದ್ದೇ ವಾಸಿ. ಎಂಟು ತಿಂಗಳು ಬಿಟ್ಟು ತೆಗೆದರೂ ಓಡುತ್ತದೆ ಅಲ್ವಾ?

* * *

ಕನ್ನಡಕದ ಮಾತು ಯಾರೂ ಎತ್ತಲಿಲ್ಲ. ಸುರಕ್ಷತಾ ಕನ್ನಡಕ ಇಲ್ಲದೆ ಸ್ವಿಚ್ ಹಾಕಲೇಬೇಡಿ. ಓದುವ ಕನ್ನಡಕ ಸಾಲದು, ಪಕ್ಕದಿಂದಲೂ ಮುಚ್ಚಿರಬೇಕು. ಕಂದು ಬಣ್ಣದ ತೆಳು ಡಿಸ್ಕ್‌ಗಳು ಸ್ವಲ್ಪ ಓರೆಯಾದರೂ ಚೂರಾಗಿ ಸಿಡಿಯುತ್ತವೆ. ಫೈಬರ್‌ಗ್ಲಾಸ್ ಜಾಲರಿ ಇರುವ ಡಿಸ್ಕ್ ಜಾಸ್ತಿ ತಡೆಯುತ್ತದೆ, ಕೊಳ್ಳುವುದಾದರೆ ಅದನ್ನೇ ಕೊಳ್ಳಿ. ಕತ್ತರಿಸುವಾಗ ನೇರ ಗೆರೆ ಮಾತ್ರ, ನಡುವೆ ತಿರುಗಿಸಬೇಡಿ. ಮುಖ ಡಿಸ್ಕ್‌ನ ಸಾಲಿಗೆ ಬರದಂತೆ ಪಕ್ಕಕ್ಕೆ ನಿಲ್ಲಿ. ವೈರ್ ಬ್ರಶ್ ಹಾಕಿದಾಗ 15,000 ಸುತ್ತು ದಾಟಿಸಬಾರದು. ಅಷ್ಟರಲ್ಲೂ ತಂತಿ ಎಳೆಗಳು ಕಿತ್ತು ಹಾರಿ ಬಟ್ಟೆಗೆ ಚುಚ್ಚಿಕೊಳ್ಳುತ್ತವೆ. ಹಳೇ ಬಣ್ಣ ಉಜ್ಜುವುದಾದರೆ ಮಾಸ್ಕ್ ಬೇಕೇ ಬೇಕು, ಅದರಲ್ಲಿ ಸೀಸ ಇರಬಹುದು. ಬಿಟ್ ಬದಲಿಸುವ ಮುಂಚೆ ಪ್ಲಗ್ ಕಿತ್ತುಬಿಡಿ. ಬಿಟ್ ಬದಲಿಸುವಾಗ ಶಾಫ್ಟ್ ತಿರುಗದಂತೆ ಹಿಡಿಯುವ ಶಾಫ್ಟ್ ಲಾಕ್ ಗುಂಡಿಯನ್ನು ಯಂತ್ರ ಪೂರ್ತಿ ನಿಂತ ಮೇಲೆ ಒತ್ತಿ, ತಿರುಗುತ್ತಿರುವಾಗ ಒತ್ತಿದರೆ ಲಾಕೇ ಹಾಳಾಗುತ್ತದೆ.