ಆಕ್ಸ್‌ಫರ್ಡ್ ಯೂನಿವರ್ಸಿಟಿಯ ನೀತಿಶಾಸ್ತ್ರ ಉಪನ್ಯಾಸಕ್ಕೆ ನಮ್ಮಂಥವರು ಹೋಗಬಹುದಾ?

ಸಿಂಧನೂರು ಟೀಚರ್:

ಎಲ್ಲರಿಗೂ ನಮಸ್ಕಾರ. ನಾನು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಪಾಠ ಮಾಡಿ ರಿಟೈರ್ ಆದವಳು. ಈಗ ಮಗಳ ಬಾಣಂತನಕ್ಕೆ ಆಕ್ಸ್‌ಫರ್ಡ್‌ಗೆ ಬಂದಿದ್ದೇನೆ. ಅಳಿಯ ಮನೆಯಲ್ಲಿದ್ದ ದಿನ ಒಂದು ಸುತ್ತು ಹೊರಗೆ ಹೋಗಿ ಬರುತ್ತೇನೆ. ಮೊನ್ನೆ ಹೈ ಸ್ಟ್ರೀಟಿನ ಒಂದು ಕಾಲೇಜಿನ ಬಾಗಿಲ ಹತ್ತಿರ ಪೋಸ್ಟರ್ ಕಂಡಿತು. ದೂರದ ದೇಶದಲ್ಲಿ ಕಷ್ಟದಲ್ಲಿರುವವರಿಗೆ ನಾವು ಎಷ್ಟು ಕೊಡಬೇಕು ಅನ್ನುವುದರ ಮೇಲೆ ಸಾರ್ವಜನಿಕ ಉಪನ್ಯಾಸ. ಉಚಿತ, ಎಲ್ಲರೂ ಬರಬಹುದು ಎಂದು ಬರೆದಿತ್ತು. ಆದರೆ ತಾರೀಕು ಇರಲಿಲ್ಲ. "4ನೇ ವಾರ, ಗುರುವಾರ, ಸಂಜೆ 5" ಅಂತಷ್ಟೇ ಇತ್ತು. ಯಾವ ತಿಂಗಳ 4ನೇ ವಾರ?

ನಿಜವಾಗಿ ಎಲ್ಲರನ್ನೂ ಬಿಡುತ್ತಾರಾ? ಬಾಗಿಲಲ್ಲಿ ಗುರುತಿನ ಚೀಟಿ ಕೇಳಿದರೆ ನನ್ನ ಹತ್ತಿರ ಪಾಸ್‌ಪೋರ್ಟ್ ಬಿಟ್ಟರೆ ಏನೂ ಇಲ್ಲ. ಇಂಗ್ಲಿಷ್ ಓದಿದರೆ ಅರ್ಥವಾಗುತ್ತದೆ, ಇಲ್ಲಿನವರು ಬೇಗ ಬೇಗ ಮಾತಾಡಿದರೆ ಸ್ವಲ್ಪ ಕಷ್ಟ.

ಈ ವಿಷಯಕ್ಕೇ ಯಾಕೆ ಮನಸ್ಸು ಎಳೆಯಿತು ಅಂದರೆ, 1971ರಲ್ಲಿ ನಾನು ಎಂಟನೇ ಕ್ಲಾಸು. ಅಪ್ಪ ಹಳ್ಳಿಯ ಪೋಸ್ಟ್ ಮಾಸ್ಟರ್. ಆ ವರ್ಷ ನವೆಂಬರಿನಿಂದ ಪತ್ರಕ್ಕೆ 5 ಪೈಸೆಯ ಇನ್ನೊಂದು ಸ್ಟಾಂಪು ಹಚ್ಚಬೇಕಿತ್ತು. ಕುಟುಂಬ ಯೋಜನೆಯ ಸ್ಟಾಂಪಿನ ಮೇಲೇ "ನಿರಾಶ್ರಿತರ ಪರಿಹಾರ" ಎಂದು ಇಂಗ್ಲಿಷ್, ಹಿಂದಿಯಲ್ಲಿ ಅಚ್ಚು ಒತ್ತಿ ಕಳಿಸಿದ್ದರು. ಕೂಲಿಗೆ ಹೋಗುವವರು ಬಂದು "ಇದು ಯಾಕ್ರೀ ಜಾಸ್ತಿ?" ಎಂದು ಕೇಳುತ್ತಿದ್ದರು. ಬಂಗಾಳದಿಂದ ಜನ ಓಡಿ ಬಂದಿದ್ದಾರೆ, ಅವರ ಊಟಕ್ಕೆ ಎಂದು ಅಪ್ಪ ಹೇಳುತ್ತಿದ್ದರು. ಕೇಳಿದವರು ಸುಮ್ಮನೆ ಎಣಿಸಿ ಕೊಟ್ಟು ಹೋಗುತ್ತಿದ್ದರು. ಹಾಗಾಗಿ ಇಲ್ಲಿನ ಪ್ರೊಫೆಸರುಗಳು ಈ ಬಗ್ಗೆ ಏನು ಹೇಳುತ್ತಾರೆ ಎಂದು ಕೇಳಬೇಕು ಅನಿಸುತ್ತಿದೆ.

ಕುಂದಾಪ್ರದ ನರ್ಸ್, ಹೆಡಿಂಗ್ಟನ್:

ಟೀಚರ್, ಖಂಡಿತ ಹೋಗಿ. ಇಲ್ಲಿ ವರ್ಷಕ್ಕೆ ಮೂರು ಟರ್ಮ್. ಅಕ್ಟೋಬರಿನಿಂದ ಮಿಕಲ್ಮಸ್, ಜನವರಿಯಿಂದ ಹಿಲರಿ, ಏಪ್ರಿಲ್ ಕೊನೆಯಿಂದ ಟ್ರಿನಿಟಿ. ಒಂದೊಂದೂ 8 ವಾರ. 4ನೇ ವಾರ ಅಂದರೆ ಟರ್ಮಿನ 4ನೇ ವಾರ, ತಿಂಗಳದ್ದಲ್ಲ. ವಾರ ಭಾನುವಾರದಿಂದ ಶುರು. ಯೂನಿವರ್ಸಿಟಿಯ ವೆಬ್‌ಸೈಟಿನಲ್ಲಿ ಟರ್ಮಿನ ತಾರೀಕುಗಳು ಇರುತ್ತವೆ, ಮಗಳಿಗೆ ಹೇಳಿದರೆ ಎರಡು ನಿಮಿಷದಲ್ಲಿ ಲೆಕ್ಕ ಹಾಕಿ ಕೊಡುತ್ತಾಳೆ.

ನಾನು ಹೋದ ಸಾರ್ವಜನಿಕ ಉಪನ್ಯಾಸಗಳಲ್ಲಿ ಯಾರೂ ಗುರುತಿನ ಚೀಟಿ ಕೇಳಿಲ್ಲ. ಕೆಲವಕ್ಕೆ ಮೊದಲೇ ಆನ್‌ಲೈನಿನಲ್ಲಿ ಹೆಸರು ಕೊಡಬೇಕು. ಪೋಸ್ಟರಿನಲ್ಲಿ ಕ್ಯೂಆರ್ ಕೋಡ್ ಇದೆಯಾ ನೋಡಿ. ಕಾಲೇಜಿನ ಒಳಗೆ ಇದ್ದರೆ ಬಾಗಿಲಲ್ಲೇ ಪೋರ್ಟರ್, ಅಂದರೆ ಬಾಗಿಲು ನೋಡಿಕೊಳ್ಳುವವರು, ಕೂತಿರುತ್ತಾರೆ. "ಲೆಕ್ಚರ್‌ಗೆ ಬಂದೆ" ಅಂದರೆ ದಾರಿ ತೋರಿಸುತ್ತಾರೆ.

ನನಗೆ ಈ ರುಚಿ ಹತ್ತಿದ್ದು ಉಯೆಹಿರೊ ಉಪನ್ಯಾಸಗಳಿಂದ, ಅಂದರೆ ಇಲ್ಲಿ ನಡೆಯುವ ನೀತಿಶಾಸ್ತ್ರದ ಉಪನ್ಯಾಸ ಮಾಲೆಯಿಂದ. 2004ರಿಂದ ನಡೆಯುತ್ತಿವೆ. ಸಾಮಾನ್ಯವಾಗಿ ಒಬ್ಬರೇ ವಿದ್ವಾಂಸರು ಒಂದೇ ವಿಷಯದ ಮೇಲೆ ಮೂರು ಸಂಜೆ ಮಾತಾಡುತ್ತಾರೆ. ಮೊದಲ ವರ್ಷ ಜೊನಾಥನ್ ಗ್ಲೋವರ್ ಮಾತಾಡಿದ್ದು ಹುಟ್ಟುವ ಮಗುವಿನ ಬಗ್ಗೆ. ವಂಶವಾಹಿ ಪರೀಕ್ಷೆ ಮಾಡಿ ಮಗುವನ್ನು ಆರಿಸಿಕೊಳ್ಳುವುದು ಎಲ್ಲಿಯವರೆಗೆ ಸರಿ ಅಂತ. ನಾನು ಹೆರಿಗೆ ವಾರ್ಡಿನವಳು. ಸ್ಕ್ಯಾನ್ ರಿಪೋರ್ಟ್ ಕೈಯಲ್ಲಿ ಹಿಡಿದು ಗಂಡ ಹೆಂಡತಿ ಮುಖ ಮುಖ ನೋಡಿಕೊಳ್ಳುವುದನ್ನು ದಿನಾ ಕಾಣುತ್ತೇನೆ. ಅದೇ ಪ್ರಶ್ನೆಯನ್ನು ಒಬ್ಬರು ಅವಸರ ಮಾಡದೆ ಬಿಡಿಸಿ ನೋಡುತ್ತಾರೆ ಅನ್ನುವುದೇ ನನಗೆ ದೊಡ್ಡ ಸಮಾಧಾನ. ಬಹಳಷ್ಟು ಉಪನ್ಯಾಸಗಳ ರೆಕಾರ್ಡಿಂಗ್ ಪಾಡ್‌ಕಾಸ್ಟಿನಲ್ಲಿ ಸಿಗುತ್ತದೆ. ಮೊದಲು ಒಂದೆರಡು ಕೇಳಿ ಹೋದರೆ ಇಂಗ್ಲಿಷಿನ ಹೆದರಿಕೆ ಕಮ್ಮಿಯಾಗುತ್ತದೆ.

ಧಾರವಾಡದ ಫಿಲಾಸಫಿ ವಿದ್ಯಾರ್ಥಿ:

ಮೇಡಂ, ನೀವು ಹೇಳಿದ 5 ಪೈಸೆ ಸ್ಟಾಂಪಿಗೂ ಆ ಪೋಸ್ಟರಿಗೂ ನೇರ ಸಂಬಂಧ ಇದೆ! ಈ ಚರ್ಚೆಗೆಲ್ಲ ಮೂಲವಾದ ಲೇಖನ ಬರೆದದ್ದೇ 1971ರ ನವೆಂಬರಿನಲ್ಲಿ, ಅದೂ ಪೂರ್ವ ಬಂಗಾಳದ (ಆಗಿನ ಪೂರ್ವ ಪಾಕಿಸ್ತಾನ, ಈಗಿನ ಬಾಂಗ್ಲಾದೇಶ) ನಿರಾಶ್ರಿತರನ್ನು ಕುರಿತು. ಬರೆದವರು ಪೀಟರ್ ಸಿಂಗರ್. ಆಗ ಅವರು ಆಕ್ಸ್‌ಫರ್ಡಿನಲ್ಲೇ ಪಾಠ ಮಾಡುತ್ತಿದ್ದ ಹುಡುಗ ವಯಸ್ಸಿನ ಮೇಷ್ಟ್ರು. ಲೇಖನ ಅಚ್ಚಾದದ್ದು 1972ರಲ್ಲಿ.

ವಾದ ಸರಳ. ಆಳವಿಲ್ಲದ ಕೊಳದಲ್ಲಿ ಮಗು ಮುಳುಗುತ್ತಿದೆ. ನೀವು ಇಳಿದು ಎತ್ತಬಹುದು, ಬಟ್ಟೆ ಕೆಸರಾಗುತ್ತದೆ ಅಷ್ಟೇ. ಎತ್ತಬೇಕು ತಾನೆ? ಹಾಗಾದರೆ ಮಗು ಹತ್ತು ಗಜ ದೂರದಲ್ಲಿದ್ದರೂ, ಹೆಸರೇ ಗೊತ್ತಿಲ್ಲದ ಬಂಗಾಳಿ ಹತ್ತು ಸಾವಿರ ಮೈಲಿ ಆಚೆ ಇದ್ದರೂ ನಮ್ಮ ಕರ್ತವ್ಯ ಒಂದೇ ಅನ್ನುತ್ತಾರೆ. ಅಷ್ಟೇ ಬೆಲೆಯುಳ್ಳ ಇನ್ನೊಂದನ್ನು ಕಳೆದುಕೊಳ್ಳದೆ ಕೆಟ್ಟದ್ದನ್ನು ತಡೆಯಲು ಆಗುವುದಾದರೆ ತಡೆಯಲೇಬೇಕು, ಅದು ದಾನ ಅಲ್ಲ, ಕರ್ತವ್ಯ ಅನ್ನುವುದು ಅವರ ನಿಲುವು.

ಲೇಖನದಲ್ಲಿ ಲೆಕ್ಕವೂ ಇದೆ. ನಿರಾಶ್ರಿತರು ಆಗ ಸುಮಾರು 90 ಲಕ್ಷ. ಅವರನ್ನು ಒಂದು ವರ್ಷ ಬದುಕಿಸಲು 46.4 ಕೋಟಿ ಪೌಂಡ್ ಬೇಕಿತ್ತು. ಎಲ್ಲ ಕಡೆಯಿಂದ ಬಂದದ್ದು ಸುಮಾರು 6.5 ಕೋಟಿ. ಬ್ರಿಟನ್ ಕೊಟ್ಟದ್ದು 1.475 ಕೋಟಿ, ಅದೇ ಹೊತ್ತಿಗೆ ಕಾಂಕಾರ್ಡ್ ವಿಮಾನದ ಮೇಲೆ ಬ್ರಿಟನ್ ಪಾಲಿನ ಖರ್ಚು 27.5 ಕೋಟಿ ದಾಟಿತ್ತು. ಆಸ್ಟ್ರೇಲಿಯಾದ ನೆರವು ಸಿಡ್ನಿಯ ಆಪೆರಾ ಹೌಸಿಗೆ ತಗುಲಿದ ಖರ್ಚಿನ ಹನ್ನೆರಡನೇ ಒಂದು ಭಾಗಕ್ಕಿಂತ ಕಮ್ಮಿ. ಉಳಿದ ಭಾರ ಹೊತ್ತದ್ದು ಭಾರತ.

ಈ ವಾದದ ಮೇಲೆ ಆಕ್ಸ್‌ಫರ್ಡಿನಲ್ಲೇ 2009ರಲ್ಲಿ ಟೋಬಿ ಆರ್ಡ್ ಮತ್ತು ವಿಲಿಯಂ ಮೆಕ್ಯಾಸ್ಕಿಲ್ ಒಂದು ಸಂಘ ಕಟ್ಟಿದರು. ಸೇರಿದವರು ಆದಾಯದಲ್ಲಿ ಶೇ 10 ಕೊಡುತ್ತೇವೆ ಎಂದು ಮಾತು ಕೊಡುತ್ತಾರೆ. ಉಪನ್ಯಾಸದಲ್ಲಿ ಇದೂ ಬರಬಹುದು. ಲೇಖನ ದೊಡ್ಡದಲ್ಲ. ಮೊದಲೇ ಓದಿಕೊಂಡು ಹೋಗಿ ಮೇಡಂ, ಮಾತು ಎಷ್ಟೇ ವೇಗವಾಗಿದ್ದರೂ ಎಳೆ ತಪ್ಪುವುದಿಲ್ಲ.

ಕ್ಯಾಂಪ್ ಹುಡುಗ, ಬೆಂಗಳೂರು:

ಟೀಚರ್ ನಮಸ್ಕಾರ ರೀ. ನಾನು ಸಿಂಧನೂರಿನ ಆರ್.ಎಚ್. ಕ್ಯಾಂಪಿನವನು, ಅಂದರೆ ನಿರಾಶ್ರಿತರ ಪುನರ್ವಸತಿ ಕ್ಯಾಂಪಿನವನು. ಅಜ್ಜ ಅಜ್ಜಿ ಪೂರ್ವ ಪಾಕಿಸ್ತಾನದಿಂದ ಬಂದವರು. ಒಂದು ವಿಷಯ ಹೇಳಲೇಬೇಕು. 71ರಲ್ಲಿ ಬಂದವರಲ್ಲಿ ಹೆಚ್ಚಿನವರು ಯುದ್ಧ ಮುಗಿದ ಮೇಲೆ ವಾಪಸ್ ಹೋದರು. ನಮ್ಮ ಮನೆಯವರು ಅದಕ್ಕೂ ಮೊದಲೇ ಬಂದು, ರಾಯಪುರದ ಹತ್ತಿರ ಮಾನಾ ಕ್ಯಾಂಪಿನಲ್ಲಿದ್ದು, ಆಮೇಲೆ ಸಿಂಧನೂರಿಗೆ ಬಂದವರು.

ಭೂಮಿ ಕೊಟ್ಟರು, ಮನೆ ಕೊಟ್ಟರು. ತುಂಗಭದ್ರಾ ಎಡದಂಡೆ ಕಾಲುವೆ ನೀರಿನಲ್ಲಿ ಭತ್ತ ಬೆಳೆದು ನಾವು ಓದಿದೆವು. ಆ ಋಣ ಮರೆಯುವುದಿಲ್ಲ. ಆದರೆ ಎಲ್ಲಿಗೆ ಹೋಗುತ್ತೀರಿ ಎಂದು ಅಜ್ಜಿಯನ್ನು ಯಾರೂ ಕೇಳಲಿಲ್ಲ. ಎರಿ ಮಣ್ಣು ಹೊಸದು, ಭಾಷೆ ಹೊಸದು, ಬೇಸಿಗೆಯ ಬಿಸಿಲು ಹೊಸದು. ಪೌರತ್ವದ ಕಾಗದಕ್ಕೆ, ಜಾತಿ ಪ್ರಮಾಣಪತ್ರಕ್ಕೆ ನಮ್ಮವರು ಅಲೆದದ್ದು ನಿಮಗೇ ಗೊತ್ತು. ಕೊಡುವವರ ಕರ್ತವ್ಯದ ಬಗ್ಗೆ ಇಷ್ಟು ಮಾತಾಡುವ ಜನ, ಪಡೆದವರ ಮಾತು ಕೇಳುವುದು ಯಾವಾಗ? ಅವಕಾಶ ಸಿಕ್ಕರೆ ಇದನ್ನು ಕೇಳಿ.

ಸಿಂಧನೂರು ಟೀಚರ್:

ಎಲ್ಲರಿಗೂ ತುಂಬಾ ಧನ್ಯವಾದ. ಮಗಳು ತಾರೀಕು ಲೆಕ್ಕ ಹಾಕಿದಳು, ಬರುವ ಗುರುವಾರವೇ. ಕ್ಯೂಆರ್ ಕೋಡಿನಿಂದ ಹೆಸರೂ ಕೊಟ್ಟಾಯಿತು. ಲೇಖನವನ್ನು ಎರಡು ಸಲ ಓದಿದೆ.

ಕ್ಯಾಂಪಿನ ತಮ್ಮಾ, ನಿನ್ನ ಮಾತು ಮನಸ್ಸಿಗೆ ನಾಟಿತು. ಆದರೆ ಒಂದು ಕಡೆ ನಾನು ಒಪ್ಪುವುದಿಲ್ಲ. ಮುಳುಗುವ ಮಗುವನ್ನು "ಎತ್ತಲಾ?" ಎಂದು ಕೇಳುತ್ತಾ ನಿಲ್ಲಲು ಆಗುವುದಿಲ್ಲ. ಅಲ್ಲಿಯವರೆಗೆ ಸಿಂಗರ್ ಹೇಳುವುದು ಸರಿ. ಎತ್ತಿದ ಮೇಲಿನ ಬದುಕಿನ ಬಗ್ಗೆ ಆ ಉದಾಹರಣೆ ಏನೂ ಹೇಳುವುದಿಲ್ಲ. ಮಗು ದಡದಲ್ಲಿ ಕೂತಿದೆ. ಅದು ಎಲ್ಲಿ ಇರಬೇಕು, ಯಾವ ಶಾಲೆಗೆ ಹೋಗಬೇಕು, ಯಾರ ಜೊತೆ ಬೆಳೆಯಬೇಕು? ಅಲ್ಲಿಂದ ಮುಂದಕ್ಕೆ ಕೇಳದೆ ಒಂದು ಹೆಜ್ಜೆಯನ್ನೂ ಇಡಬಾರದು. ನಿಮ್ಮ ಅಜ್ಜಿಯ ವಿಷಯದಲ್ಲಿ ಆದದ್ದು ಹಾಗೆ ಕೇಳದೆ ಹೋದ ತಪ್ಪು.

"ಹೆಸರೇ ಗೊತ್ತಿಲ್ಲದ ಬಂಗಾಳಿ" ಅನ್ನುವ ಸಾಲು ಓದಿ ತುಂಬಾ ಹೊತ್ತು ಸುಮ್ಮನೆ ಕೂತೆ. ನನ್ನ ಹಾಜರಿ ಪುಸ್ತಕದಲ್ಲಿ ಪಾಟೀಲ, ನಾಯಕ, ಗೌಡರ ಮಧ್ಯೆ ಮಂಡಲ್, ಬಿಸ್ವಾಸ್, ಸರ್ಕಾರ್ ಇದ್ದರು. ನಾನು ದಿನಾ ಬೆಳಿಗ್ಗೆ ಕೂಗಿದ ಹೆಸರುಗಳು. ಮೊದಮೊದಲು ಒತ್ತಕ್ಷರಕ್ಕೆ ತಡವರಿಸುತ್ತಿದ್ದ ಮಕ್ಕಳು ಕನ್ನಡ ಭಾಷಣ ಸ್ಪರ್ಧೆಯಲ್ಲಿ ಬಹುಮಾನ ತಂದರು. ಇಲ್ಲಿ ಲೇಖನದ ಉದಾಹರಣೆ ಆದವರು ನಮ್ಮ ತಾಲೂಕಿನಲ್ಲಿ ಪಕ್ಕದ ಬೆಂಚಿನವರು. ಇದನ್ನು ಆ ಸಭೆಯಲ್ಲಿ ಯಾರಾದರೂ ಹೇಳಬೇಕು. 5 ಪೈಸೆ ಕೊಟ್ಟ ಕೂಲಿಯವರ ವಿಷಯವನ್ನೂ ಹೇಳಬೇಕು. ಅವರು ಲೇಖನದ ಯಾವ ಲೆಕ್ಕದಲ್ಲೂ ಇಲ್ಲ.

ನನ್ನ ಪ್ರಶ್ನೆ ಹೀಗೆ ಬರೆದುಕೊಂಡಿದ್ದೇನೆ: "ನಾನು ಭಾರತದ ಒಬ್ಬ ಶಾಲಾ ಶಿಕ್ಷಕಿ. ಪೂರ್ವ ಬಂಗಾಳದಿಂದ ಬಂದವರ ಮಕ್ಕಳಿಗೆ ಪಾಠ ಮಾಡಿದ್ದೇನೆ. ಮಗುವನ್ನು ನೀರಿನಿಂದ ಎತ್ತುವುದು ಕರ್ತವ್ಯ ಎಂದು ಒಪ್ಪುತ್ತೇನೆ. ಎತ್ತಿದ ಮೇಲೆ ಅದರ ಮಾತು ಕೇಳುವುದೂ ಅಷ್ಟೇ ದೊಡ್ಡ ಕರ್ತವ್ಯವೇ? ಹೌದಾದರೆ, ದೂರದಿಂದ ಹಣ ಕಳಿಸುವವರು ಅದನ್ನು ಹೇಗೆ ಮಾಡುತ್ತಾರೆ?" ಇಂಗ್ಲಿಷಿಗೆ ತಿರುಗಿಸಿ ಚೀಟಿಯಲ್ಲಿ ಇಟ್ಟುಕೊಳ್ಳುತ್ತೇನೆ. ಉದ್ದ ಆಯಿತಾ?

ಕುಂದಾಪ್ರದ ನರ್ಸ್, ಹೆಡಿಂಗ್ಟನ್:

ಒಂದು ಅಕ್ಷರವನ್ನೂ ತೆಗೆಯಬೇಡಿ ಟೀಚರ್. ಚೀಟಿ ನೋಡಿ ಓದಿದರೆ ಯಾರೂ ಏನೂ ಅಂದುಕೊಳ್ಳುವುದಿಲ್ಲ, ಇಲ್ಲಿನ ಪ್ರೊಫೆಸರುಗಳೂ ಓದುತ್ತಾರೆ. ಸಾಲಿನ ತುದಿಯಲ್ಲಿ ಕೂತುಕೊಳ್ಳಿ, ಮೈಕ್ ಹಿಡಿದು ಬರುವವರಿಗೆ ಸುಲಭ. ಉಪನ್ಯಾಸ ಮುಗಿದ ಕೂಡಲೇ ಕೈ ಎತ್ತಿ. ಮೊದಲು ಕೈ ಎತ್ತಿದವರಿಗೇ ಸಾಮಾನ್ಯವಾಗಿ ಅವಕಾಶ ಸಿಗುತ್ತದೆ, ಹೊತ್ತು ಹೋದಂತೆ ಕೈಗಳು ಜಾಸ್ತಿಯಾಗುತ್ತವೆ. ಗುರುವಾರ ನನಗೆ ಬೆಳಗಿನ ಶಿಫ್ಟ್. ನಾಲ್ಕೂವರೆಗೆ ಆ ಕಾಲೇಜಿನ ಬಾಗಿಲಿಗೆ ಬರುತ್ತೇನೆ, ಒಟ್ಟಿಗೇ ಒಳಗೆ ಹೋಗೋಣ.