ಲಿವರ್ ಕಸಿಯ ನಂತರ ಕಾಮಾಲೆ: ರಿಜೆಕ್ಷನ್ನೋ ಪಿಟಿಎಲ್‌ಡಿಯೋ?

ಕಸಿ_ವಾರ್ಡ್:
ನಮಸ್ಕಾರ. ಲಿವರ್ ಕಸಿಯಾಗಿ ಎಂಟು ತಿಂಗಳಾದ ಮಗು. ಕಸಿಯ ಹೊತ್ತಿಗೆ ದಾನಿ ಇಬಿವಿ (ಎಪ್‌ಸ್ಟೀನ್-ಬಾರ್ ವೈರಸ್) ಪಾಸಿಟಿವ್, ಮಗು ನೆಗೆಟಿವ್. ಈಗ ಬಿಟ್ಟುಬಿಟ್ಟು ಜ್ವರ, ಎಎಲ್‌ಟಿ (ಲಿವರ್ ಕಿಣ್ವ) ಮತ್ತು ಬಿಲಿರುಬಿನ್ ಏರಿವೆ. ಪೋರ್ಟಾ ಹೆಪಾಟಿಸ್ (ರಕ್ತನಾಳ, ಪಿತ್ತನಾಳಗಳು ಲಿವರ್ ಸೇರುವ ಜಾಗ) ಬಳಿ ಗಡ್ಡೆ, ಪಿತ್ತನಾಳ ಹಿಗ್ಗಿದೆ. ಇದು ರಿಜೆಕ್ಷನ್ನೋ (ಕಸಿ ಅಂಗವನ್ನು ದೇಹ ತಿರಸ್ಕರಿಸುವುದು), ಪಿಟಿಎಲ್‌ಡಿಯೋ (ಕಸಿಯ ನಂತರ ಲಿಂಫ್ ಕೋಶಗಳು, ಹೆಚ್ಚಾಗಿ ಇಬಿವಿಯಿಂದ, ಮಿತಿಮೀರಿ ಬೆಳೆಯುವ ರೋಗ)? ಬಯಾಪ್ಸಿಗೆ ಕಾಯದೆ ಸ್ಟೀರಾಯ್ಡ್ ಪಲ್ಸ್ (ಕೆಲವು ದಿನ ಭಾರಿ ಡೋಸ್) ಕೊಡಬಹುದೇ? ಇಬಿವಿ ಪಿಸಿಆರ್ (ರಕ್ತದಲ್ಲಿ ವೈರಸ್ ಪ್ರಮಾಣ, ಅಂದರೆ ಲೋಡ್, ಅಳೆಯುವ ಪರೀಕ್ಷೆ) ಒಂದೇ ಸಾಕೇ?

ಪೆಥಾಲಜಿ_ಬೆಂಚ್:
ದಯವಿಟ್ಟು ಪಲ್ಸ್ ಈಗಲೇ ಬೇಡ. ರಿಜೆಕ್ಷನ್ ಆದರೆ ಇಮ್ಯೂನಿಟಿಯನ್ನು ಇನ್ನಷ್ಟು ಅದುಮಬೇಕು, ಪಿಟಿಎಲ್‌ಡಿ ಆದರೆ ಅದುಮಿದ್ದನ್ನು ಸಡಿಲಿಸಬೇಕು. ಮೇಲಾಗಿ ಸ್ಟೀರಾಯ್ಡ್ ಬಿದ್ದರೆ ಲಿಂಫೋಮಾ (ಲಿಂಫ್ ಕೋಶಗಳ ಕ್ಯಾನ್ಸರ್) ಕೋಶಗಳು ಅರೆಬರೆ ಕರಗಿ, ಸ್ಲೈಡ್ ನೋಡಿ ಏನೂ ಹೇಳಲಾಗದಂತಾಗುತ್ತದೆ.

ಪಿಸಿಆರ್‌ನಿಂದ ಅನುಮಾನ ಗಟ್ಟಿಯಾಗಬಹುದು, ರೋಗ ಖಚಿತವಾಗದು. ಲೋಡ್ ಹೆಚ್ಚಿದ್ದೂ ಆರೋಗ್ಯವಾಗಿರುವ ಮಕ್ಕಳಿದ್ದಾರೆ.

ಎಫ್‌ಎನ್‌ಎಸಿ (ಸಣ್ಣ ಸೂಜಿಯಿಂದ ಬಿಡಿ ಕೋಶ ಹೀರುವುದು) ಸಾಲದು. ಕೈಗೆ ಸಿಗುವ ಲಿಂಫ್ ಗಂಟಿದ್ದರೆ ಇಡಿಯಾಗಿ ತೆಗೆಸಿ, ಇಲ್ಲವಾದರೆ ಕೋರ್ ಬಯಾಪ್ಸಿ (ದಪ್ಪ ಸೂಜಿಯಿಂದ ತುಣುಕು ತೆಗೆಯುವುದು). ಎಲ್ಲವನ್ನೂ ಫಾರ್ಮಲಿನ್‌ಗೆ ಹಾಕಿಬಿಟ್ಟರೆ ಫ್ಲೋ ಸೈಟೋಮೆಟ್ರಿಗೆ (ತಾಜಾ ಕೋಶಗಳ ಬಗೆ ಗುರುತಿಸುವ ಪರೀಕ್ಷೆ) ದಾರಿಯೇ ಇಲ್ಲ. ಒಂದು ತುಂಡು ತಾಜಾ ಇರಲಿ. ಸಿಡಿ20 (ಬಿ ಕೋಶದ ಗುರುತು), ಸಿಡಿ3 (ಟಿ ಕೋಶದ ಗುರುತು) ಜೊತೆಗೆ ಇಬರ್ ಪರೀಕ್ಷೆಯನ್ನೂ (ಕೋಶದೊಳಗೆ ಇಬಿವಿಯ ಆರ್‌ಎನ್‌ಎ ಹುಡುಕುವುದು) ಕೇಳಿ. ರಿಜೆಕ್ಷನ್‌ನಲ್ಲಿ ಪೋರ್ಟಲ್ ಜಾಗದಲ್ಲಿ ಇಯೊಸಿನೊಫಿಲ್ (ಒಂದು ಬಗೆಯ ಬಿಳಿ ರಕ್ತಕಣ) ಬೆರೆತ ಮಿಶ್ರ ಕೋಶಗಳು, ಪಿತ್ತನಾಳ ಮತ್ತು ರಕ್ತನಾಳದ ಒಳಪದರಕ್ಕೆ ಪೆಟ್ಟು ಕಾಣುತ್ತವೆ. ದೊಡ್ಡ ಬಿ ಕೋಶಗಳು ಹಾಳೆಹಾಳೆಯಾಗಿ ಹರಡಿ, ಅವುಗಳಲ್ಲಿ ಇಬರ್ ಪಾಸಿಟಿವ್ ಬಂದರೆ ಪಿಟಿಎಲ್‌ಡಿ.

ಹೆಪಟಾಲಜಿ_ಓಪಿಡಿ:
ಮೇಲಿನ ಮಾತಿಗೆ ಪೂರ್ತಿ ಸಹಮತ. ಐಎನ್‌ಆರ್ (ರಕ್ತ ಹೆಪ್ಪುಗಟ್ಟುವಿಕೆಯ ಅಳತೆ) ಕೆಟ್ಟಿದ್ದರೆ ಅಥವಾ ಹೊಟ್ಟೆಯಲ್ಲಿ ನೀರಿದ್ದರೆ ಲಿವರ್ ತುಣುಕನ್ನು ಕುತ್ತಿಗೆಯ ರಕ್ತನಾಳದ ಮೂಲಕ ತೆಗೆಯುವುದು ಕ್ಷೇಮ. ಪಿತ್ತನಾಳದ ತಡೆಯನ್ನು ಬೇಗ ಬಿಡಿಸಿ. ಬಿಲಿರುಬಿನ್ ಇಳಿಯದಿದ್ದರೆ ಮುಂದೆ ಕೀಮೋ ಔಷಧಿಗಳಾದ ವಿನ್‌ಕ್ರಿಸ್ಟೀನ್, ಡಾಕ್ಸೊರುಬಿಸಿನ್ ಪೂರ್ಣ ಡೋಸ್ ಕೊಡಲಾಗದು.

ಪಿಟಿಎಲ್‌ಡಿ ಖಚಿತವಾದರೆ ಇಮ್ಯೂನಿಟಿ ಅದುಮುವ ಔಷಧಿಗಳಲ್ಲಿ ಮೊದಲು ಮೈಕೋಫಿನೋಲೇಟ್ ನಿಲ್ಲಿಸಿ ಟ್ಯಾಕ್ರೋಲಿಮಸ್ ಅನ್ನು ಸುಮಾರು ಅರ್ಧಕ್ಕೆ ಇಳಿಸುವುದು ವಾಡಿಕೆ. ಆಗ ರಿಜೆಕ್ಷನ್ ತಲೆ ಎತ್ತಬಹುದು, ಎಲ್‌ಎಫ್‌ಟಿ (ಲಿವರ್ ರಕ್ತಪರೀಕ್ಷೆ) ಪದೇ ಪದೇ ನೋಡಬೇಕು. ಫ್ಲುಕೋನಜೋಲ್‌ನಂಥ ಫಂಗಸ್ ಔಷಧಿ ನಡೆಯುತ್ತಿದ್ದರೆ ಟ್ಯಾಕ್ರೋಲಿಮಸ್ ಮಟ್ಟ ಏರುತ್ತದೆ, ಅರ್ಧ ಮಾಡಿದ್ದೂ ದಂಡ.

2ರಿಂದ 4 ವಾರದಲ್ಲಿ ಗಡ್ಡೆ ಕುಗ್ಗದಿದ್ದರೆ, ಸಿಡಿ20 ಪಾಸಿಟಿವ್ ಇದ್ದಲ್ಲಿ ರಿಟುಕ್ಸಿಮ್ಯಾಬ್ (ಬಿ ಕೋಶಗಳನ್ನು ನಾಶಮಾಡುವ ಔಷಧಿ): ಚದರ ಮೀಟರಿಗೆ 375 ಮಿ.ಗ್ರಾಂ, ವಾರಕ್ಕೊಂದರಂತೆ ನಾಲ್ಕು. ರೋಗ ವೇಗವಾಗಿ ಹಬ್ಬುತ್ತಿದ್ದರೆ ಅಷ್ಟು ಕಾಯಬಾರದು. ರಿಟುಕ್ಸಿಮ್ಯಾಬ್‌ಗೆ ಮೊದಲು ಎಚ್‌ಬಿಎಸ್‌ಎಜಿ, ಆಂಟಿ-ಎಚ್‌ಬಿಸಿ ಎಂಬ ಹೆಪಟೈಟಿಸ್ ಬಿ ಪರೀಕ್ಷೆಗಳು ಎರಡೂ ಕಡ್ಡಾಯ. ಸುಪ್ತವಾಗಿರುವ ಹೆಪಟೈಟಿಸ್ ಬಿ ಕೆರಳಿದರೆ ಕಸಿ ಮಾಡಿದ ಲಿವರೇ ಹೋಗಬಹುದು.

ಕಸಿ_ವಾರ್ಡ್:
ಧನ್ಯವಾದ. ಪಲ್ಸ್ ತಡೆಹಿಡಿಯುತ್ತೇವೆ. ವೈರಸ್ ವಿರೋಧಿ ಔಷಧಿ ವಾಲ್‌ಗ್ಯಾನ್‌ಸಿಕ್ಲೊವಿರ್‌ನಿಂದ ಗಡ್ಡೆಗೆ ಉಪಯೋಗವಿದೆಯೇ?

ಪೆಥಾಲಜಿ_ಬೆಂಚ್:
ನೆಚ್ಚಿಕೊಳ್ಳಬೇಡಿ. ಆ ಔಷಧಿ ಚುರುಕಾಗಬೇಕಾದರೆ ವೈರಸ್ಸಿನದೇ ಕೈನೇಸ್ ಕಿಣ್ವ ಬೇಕು. ಗಡ್ಡೆಯ ಕೋಶಗಳಲ್ಲಿ ಇಬಿವಿ ಬಹುಪಾಲು ಸುಪ್ತವಾಗಿರುವುದರಿಂದ ಆ ಕಿಣ್ವ ತಯಾರಾಗುವುದಿಲ್ಲ.