ನಾಲ್ಕು ಜನರ ಅಂಗಡಿಗೆ ಎಂಟರ್‌ಪ್ರೈಸ್ ಎಡಿಷನ್ ಬೇಕಾ?

ಪ್ರಶ್ನೆ (ಗಂಗಾವತಿಯಿಂದ)

ನಮಸ್ಕಾರ ಮೇಡಂ. ನಾವು ರೈಸ್ ಮಿಲ್‌ಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡಿಕೊಡುತ್ತೇವೆ. ನಾನು, ನನ್ನ ತಮ್ಮ, ಇಬ್ಬರು ಹುಡುಗರು, ಒಟ್ಟು ನಾಲ್ಕೇ ಜನ. ಭತ್ತದ ಲಾರಿ ವೇಬ್ರಿಡ್ಜ್ ಮೇಲೆ ನಿಂತರೆ ತೂಕ ನೇರವಾಗಿ ಕಂಪ್ಯೂಟರಿಗೆ ಬರುತ್ತದೆ, ಚೀಟಿ ಪ್ರಿಂಟ್ ಆಗುತ್ತದೆ. ಹಮಾಲಿ, ಕಮಿಷನ್ ಲೆಕ್ಕವೂ ಅದರಲ್ಲೇ. 2011ರಲ್ಲಿ ಬರೆದದ್ದು, ಸಾಫ್ಟ್‌ವೇರ್ ಬರೆಯುವ ಮೈಕ್ರೋಸಾಫ್ಟ್‌ನ ವಿಷುಯಲ್ ಸ್ಟುಡಿಯೋ 2010ರಲ್ಲಿ, ವಿಬಿ ಡಾಟ್‌ನೆಟ್ ಭಾಷೆಯಲ್ಲಿ. ಡೇಟಾ ಎಸ್‌ಕ್ಯೂಎಲ್ ಸರ್ವರ್ 2008 ಆರ್2 ಎಕ್ಸ್‌ಪ್ರೆಸ್ ಎಂಬ ಪುಕ್ಕಟೆ ಡೇಟಾಬೇಸ್‌ನಲ್ಲಿದೆ. 30 ಮಿಲ್‌ಗಳಲ್ಲಿ ಓಡುತ್ತಿದೆ, ಅರ್ಧ ಕಡೆ ಇನ್ನೂ ವಿಂಡೋಸ್ 7.

ಹೋದ ತಿಂಗಳು ನಮ್ಮ ಹಳೆಯ ಕಂಪ್ಯೂಟರ್ ಕೈಕೊಟ್ಟಿತು. 2010ರ ಡಿವಿಡಿ ಹುಡುಕಿ ಮತ್ತೆ ಹಾಕುವಷ್ಟರಲ್ಲಿ ಸಾಕುಸಾಕಾಯಿತು. ಹೊಸದಕ್ಕೆ ಹೋಗೋಣ ಅಂತ ಕೇಳಿದರೆ ಒಬ್ಬ ಡೀಲರ್ ವಿಷುಯಲ್ ಸ್ಟುಡಿಯೋದ ಎಂಟರ್‌ಪ್ರೈಸ್ ಎಡಿಷನ್ನೇ ತಗೊಳ್ಳಿ ಎನ್ನುತ್ತಾರೆ. ಇನ್ನೊಬ್ಬರು ಅದೇ ಎಂಟರ್‌ಪ್ರೈಸ್‌ನ 'ಲೈಫ್‌ಟೈಮ್ ಕೀ' 2,500 ರೂಪಾಯಿಗೆ ಕೊಡ್ತೀನಿ ಅಂತಾರೆ. ತಮ್ಮ ಮಾತ್ರ ವಿಎಸ್ ಕೋಡ್ ಸಾಕು, ಅದು ಫ್ರೀ ಅಂತಾನೆ. ಯಾರ ಮಾತು ಕೇಳಲಿ?

ಉತ್ತರ

ಸರ್, ಮೂವರ ಮಾತೂ ಬೇಡ. ವಿಷುಯಲ್ ಸ್ಟುಡಿಯೋ 2022 ಕಮ್ಯುನಿಟಿ ಎಡಿಷನ್ ಇಳಿಸಿಕೊಳ್ಳಿ. ದುಡ್ಡು ಕೊಡಬೇಕಾಗಿಲ್ಲ, ಕಳ್ಳದಾರಿಯೂ ಅಲ್ಲ.

ಫ್ರೀ ಅಂದರೆ ಬರೀ ವಿದ್ಯಾರ್ಥಿಗಳಿಗೆ ಎಂದು ತುಂಬಾ ಜನ ತಿಳಿದಿದ್ದಾರೆ. ಹಾಗಿಲ್ಲ. ಕಮ್ಯುನಿಟಿಯಲ್ಲಿ ಬರೆದ ಸಾಫ್ಟ್‌ವೇರನ್ನು ಮಾರಬಹುದು. ಸಣ್ಣ ಸಂಸ್ಥೆಯಲ್ಲಿ 5 ಜನರವರೆಗೆ ಬಳಸಬಹುದು, ನೀವು ನಾಲ್ಕು. ಸಣ್ಣದು ಅಲ್ಲ ಅಂತ ಯಾವಾಗ ಆಗುತ್ತದೆ? 250ಕ್ಕಿಂತ ಜಾಸ್ತಿ ಕಂಪ್ಯೂಟರ್ ಅಥವಾ ಬಳಕೆದಾರರಿದ್ದರೆ, ಇಲ್ಲವೇ ವರ್ಷದ ಆದಾಯ 10 ಲಕ್ಷ ಡಾಲರ್ ದಾಟಿದರೆ. ಅಂದರೆ ಹೆಚ್ಚುಕಡಿಮೆ 8-9 ಕೋಟಿ ರೂಪಾಯಿ. ನೀವು ಅಲ್ಲಿಗೆ ಮುಟ್ಟಿದ ದಿನ ನನಗೊಂದು ಊಟ ಹಾಕಿಸಿ, ಲೈಸೆನ್ಸ್ ಬಗ್ಗೆ ಆಗ ಮಾತಾಡೋಣ.

ಎಂಟರ್‌ಪ್ರೈಸ್‌ನಲ್ಲಿ ಇಂಟೆಲಿಟ್ರೇಸ್, ಲೈವ್ ಯೂನಿಟ್ ಟೆಸ್ಟಿಂಗ್ ಥರದ, ತಪ್ಪು ಹುಡುಕುವ, ಕೋಡ್ ಪರೀಕ್ಷಿಸುವ ಸಾಧನಗಳು ಸಿಗುತ್ತವೆ. ದೊಡ್ಡ ತಂಡಕ್ಕೆ ಅವು ಬೇಕಾಗುತ್ತವೆ. ಕೋಡನ್ನು ತುಂಡುತುಂಡಾಗಿ ಪರೀಕ್ಷಿಸುವ ಯೂನಿಟ್ ಟೆಸ್ಟೇ ನೀವು ಬರೆಯುತ್ತಿಲ್ಲ ಅಂದರೆ (ಬೈಯುತ್ತಿಲ್ಲ, 2011ರಲ್ಲಿ ನಾನೂ ಬರೆಯುತ್ತಿರಲಿಲ್ಲ) ಆ ದುಡ್ಡು ದಂಡ.

2,500ರ ಕೀ ಅಂತೂ ಮುಟ್ಟಲೇ ಬೇಡಿ. ಇಂಥ ಕೀಗಳು ಎಷ್ಟೋ ಸಲ ಯಾವುದೋ ಕಂಪನಿಯ ವಾಲ್ಯೂಮ್ (ಸಗಟು) ಲೈಸೆನ್ಸ್‌ನಿಂದಲೋ, ಯಾರದೋ ಸಬ್‌ಸ್ಕ್ರಿಪ್ಷನ್‌ನಿಂದಲೋ ಹೊರಬಿದ್ದವು. ಅವನ್ನು ಹೀಗೆ ಬಿಡಿಬಿಡಿಯಾಗಿ ಮಾರುವ ಹಕ್ಕು ಇರುವುದಿಲ್ಲ. ಕೀ ಹಾಕಿದರೆ ಆಕ್ಟಿವೇಟ್ ಆಗುತ್ತದೆ, ನಿಜ. ಹಾಗಂತ ನಿಮ್ಮ ಹೆಸರಿಗೆ ಲೈಸೆನ್ಸ್ ಬಂತು ಅಂತಲ್ಲ. ಪುಕ್ಕಟೆ ಸಿಗುವುದನ್ನು ಬಿಟ್ಟು 2,500 ಕೊಟ್ಟು ತಲೆನೋವು ತಂದುಕೊಳ್ಳುವುದು ಯಾಕೆ ಹೇಳಿ?

ಇನ್ನು ನಿಮ್ಮ ತಮ್ಮ. ಹೆಸರು ಒಂದೇ ಥರ ಇದೆ ಅಂತ ವಿಎಸ್ ಕೋಡ್ ಮತ್ತು ವಿಷುಯಲ್ ಸ್ಟುಡಿಯೋ ಒಂದೇ ಅಲ್ಲ. ವಿಎಸ್ ಕೋಡ್ ಒಳ್ಳೆಯ ಎಡಿಟರ್, ನಾನೂ ದಿನಾ ಬಳಸುತ್ತೇನೆ. ಆದರೆ ಬಟನ್, ಗ್ರಿಡ್ ಎಳೆದು ಕೂರಿಸುವ ವಿನ್‌ಫಾರ್ಮ್ಸ್ ಡಿಸೈನರ್ ಅದರಲ್ಲಿಲ್ಲ. ನಿಮ್ಮದು ಪೂರ್ತಿ ಫಾರ್ಮ್‌ಗಳ ಮೇಲೆ ನಿಂತ ಸಾಫ್ಟ್‌ವೇರ್. ನಾಳೆ ವೆಬ್ ಕೆಲಸ ಶುರು ಮಾಡಿದರೆ ತಮ್ಮನ ಮಾತು ಕೇಳಿ.

ಇಷ್ಟು ಸುಲಭದ್ದು. ನಿಮಗೆ ನಿಜವಾದ ಕೆಲಸ ಇರುವುದು ಸಪೋರ್ಟ್ ತಾರೀಕುಗಳಲ್ಲಿ, ಅಂದರೆ ಮೈಕ್ರೋಸಾಫ್ಟ್ ಸರಿಪಡಿಕೆ ಕೊಡುವುದನ್ನು ನಿಲ್ಲಿಸುವ ದಿನಗಳಲ್ಲಿ. ವಿಷುಯಲ್ ಸ್ಟುಡಿಯೋ 2010ಕ್ಕೆ ಸಪೋರ್ಟ್ ಮುಗಿದದ್ದು 2020ರ ಜುಲೈಯಲ್ಲಿ. ಅದರ ಜೊತೆ ಬಂದ, ನಿಮ್ಮ ಸಾಫ್ಟ್‌ವೇರ್ ಓಡಲು ಬೇಕಾದ ಡಾಟ್‌ನೆಟ್ ಫ್ರೇಮ್‌ವರ್ಕ್ 4.0ಕ್ಕೆ ಇನ್ನೂ ಮುಂಚೆ, 2016ರ ಜನವರಿಯಲ್ಲೇ. ನಿಮ್ಮ ಹಳೆಯ ಪ್ರಾಜೆಕ್ಟನ್ನು 2022ರಲ್ಲಿ ತೆರೆದ ತಕ್ಷಣ, ಈ ಫ್ರೇಮ್‌ವರ್ಕ್ ನನ್ನ ಹತ್ತಿರ ಇಲ್ಲ, ಬೇರೆಯದಕ್ಕೆ ಬದಲಿಸಲಾ ಎಂದು ಅದು ಕೇಳುತ್ತದೆ. ಗಾಬರಿ ಬೇಡ. 4.8 ಆರಿಸಿ.

4.8.1 ಕೂಡ ಇದೆ. ಹೊಸದು ಅಂತ ಅದಕ್ಕೆ ಕೈ ಹಾಕಬೇಡಿ, ವಿಂಡೋಸ್ 7ರಲ್ಲಿ ಅದು ಕೂರುವುದೇ ಇಲ್ಲ. 4.8 ಆದರೆ ವಿಂಡೋಸ್ 7 ಸರ್ವಿಸ್ ಪ್ಯಾಕ್ 1ರಲ್ಲೂ ಓಡುತ್ತದೆ. ಫ್ರೇಮ್‌ವರ್ಕ್‌ನ ನಂತರ ಬಂದ ಹೊಸ ಪೀಳಿಗೆಯ ಡಾಟ್‌ನೆಟ್ 8, 10 ಯಾವುವೂ ವಿಂಡೋಸ್ 7ಕ್ಕೆ ಬರುವುದಿಲ್ಲ. ಅರ್ಧ ಗಿರಾಕಿಗಳು ಅಲ್ಲಿರುವಾಗ ಆ ಕಡೆ ಹೋಗುವುದು ಈಗ ಬೇಡ. ವಿಂಡೋಸ್ 7ಕ್ಕೇ 2020ರ ಜನವರಿಯಲ್ಲಿ ಸಪೋರ್ಟ್ ನಿಂತಿದೆ, ಮಿಲ್ ಮಾಲೀಕರಿಗೆ ಇದನ್ನು ಬಾಯಲ್ಲಿ ಹೇಳದೆ ಕಾಗದದಲ್ಲಿ ಬರೆದು ಕೊಡಿ.

ವಿಷುಯಲ್ ಸ್ಟುಡಿಯೋ 2022ಕ್ಕೆ ಮುಖ್ಯ ಸಪೋರ್ಟ್ 2027ರ ಜನವರಿವರೆಗೆ, ಸೆಕ್ಯುರಿಟಿ ಸರಿಪಡಿಕೆಗಳು 2032ರ ಜನವರಿವರೆಗೆ. ಕಮ್ಯುನಿಟಿಯಲ್ಲಿ ಒಂದು ಮಾತು ನೆನಪಿರಲಿ: ಅಪ್‌ಡೇಟ್ ಬಂದ ಹಾಗೆ ಹಾಕಿಕೊಳ್ಳುತ್ತಾ ಹೋಗಬೇಕು. ಒಂದು ಉಪ ಆವೃತ್ತಿಯಲ್ಲೇ ನಿಂತು ಸೆಕ್ಯುರಿಟಿ ಪ್ಯಾಚ್ ಮಾತ್ರ ಪಡೆಯುವ ಸೌಲಭ್ಯ ಪ್ರೊಫೆಷನಲ್, ಎಂಟರ್‌ಪ್ರೈಸ್ ಕೊಂಡವರಿಗೆ.

ಮತ್ತೆ, ಗಿರಾಕಿಯ ಕಂಪ್ಯೂಟರಿಗೆ ಹಾಕುವ ಸೆಟಪ್ ಫೈಲ್ ಮಾಡಲು 2010ರಲ್ಲಿದ್ದ ಸೆಟಪ್ ಪ್ರಾಜೆಕ್ಟ್ 2022ರಲ್ಲಿ ತೆರೆಯುವುದಿಲ್ಲ. ಅದಕ್ಕೆ 'ಇನ್‌ಸ್ಟಾಲರ್ ಪ್ರಾಜೆಕ್ಟ್ಸ್' ಎಂಬ ಎಕ್ಸ್‌ಟೆನ್ಷನ್ ಇದೆ, ಮೈಕ್ರೋಸಾಫ್ಟ್‌ನದ್ದೇ, ಪುಕ್ಕಟೆ.

ಪ್ರಶ್ನೆ (ಗಂಗಾವತಿಯಿಂದ)

ತುಂಬಾ ಉಪಕಾರ ಮೇಡಂ. ಡೇಟಾಬೇಸ್ ಬಗ್ಗೆ ಹೇಳಲಿಲ್ಲ. ಒಂದು ಮಿಲ್‌ನಲ್ಲಿ 9 ಜಿಬಿ ದಾಟಿದೆ. ಎಸ್‌ಕ್ಯೂಎಲ್ ಸರ್ವರ್ ಡೆವಲಪರ್ ಎಡಿಷನ್ ಫ್ರೀ ಅಂತೆ, ಅದಕ್ಕೆ ಮಿತಿಯೂ ಇಲ್ಲವಂತೆ. ಅದನ್ನೇ ಹಾಕಿಬಿಡಲಾ?

ಉತ್ತರ

ಹಾಕಬೇಡಿ! ನಾನೇ ಒಮ್ಮೆ ಮಾಡಿದ ತಪ್ಪು ಇದು. ಗಿರಾಕಿಯೊಬ್ಬರ ಕಡೆ ಡೆವಲಪರ್ ಎಡಿಷನ್ ಹಾಕಿ ಬಂದೆ. ಆಡಿಟ್‌ನವರು ಬರುವ ಹಿಂದಿನ ರಾತ್ರಿ ಗೊತ್ತಾಯಿತು. ಬೆಳಗಿನ ಜಾವದವರೆಗೆ ಕೂತು ಎಲ್ಲ ತೆಗೆದು ಬೇರೆ ಹಾಕಿದೆ. ಅದು ಬರೆಯಲು, ಪರೀಕ್ಷಿಸಲು ಮಾತ್ರ. ದಿನದ ವ್ಯವಹಾರ ನಡೆಸುವ ಕಡೆ ಬಳಸುವ ಹಾಗಿಲ್ಲ. ನಿಮ್ಮ ಆಫೀಸಿನ ಕಂಪ್ಯೂಟರಿನಲ್ಲಿ ಧಾರಾಳವಾಗಿ ಇಟ್ಟುಕೊಳ್ಳಿ.

2008 ಆರ್2 ಎಕ್ಸ್‌ಪ್ರೆಸ್‌ನಲ್ಲಿ ಒಂದು ಡೇಟಾಬೇಸ್ 10 ಜಿಬಿ ಮೀರುವ ಹಾಗಿಲ್ಲ. ಅದರ ಸಪೋರ್ಟೂ 2019ರ ಜುಲೈಯಲ್ಲೇ ಮುಗಿದಿದೆ. ಎಸ್‌ಕ್ಯೂಎಲ್ ಸರ್ವರ್ 2022ರ ಎಕ್ಸ್‌ಪ್ರೆಸ್‌ವರೆಗೂ ಇದೇ 10 ಜಿಬಿ. ಎಸ್‌ಕ್ಯೂಎಲ್ ಸರ್ವರ್ 2025ರಲ್ಲಿ ಅದನ್ನು 50 ಜಿಬಿ ಮಾಡಿದ್ದಾರೆ. ಆದರೆ ಹೊಸ ಎಕ್ಸ್‌ಪ್ರೆಸ್ ವಿಂಡೋಸ್ 7ರಲ್ಲಿ ಕೂರುವುದಿಲ್ಲ. ಮಿಲ್‌ನಲ್ಲಿ ಡೇಟಾಬೇಸ್ ಇರುವ ಒಂದು ಕಂಪ್ಯೂಟರನ್ನಾದರೂ ಹೊಸದು ಮಾಡಿಸಿ, ಉಳಿದವು ಸದ್ಯಕ್ಕೆ ಇರಲಿ.

ಅದಕ್ಕೂ ಮುಂಚೆ ಒಂದು ಕೇಳುತ್ತೇನೆ. ಭತ್ತದ ಚೀಟಿ, ಬಿಲ್ಲುಗಳಿಗೆ 9 ಜಿಬಿ ಬೇಕಾ? ಲಾರಿಯ ಫೋಟೋಗಳನ್ನು ಟೇಬಲ್‌ನಲ್ಲೇ ಇಡುತ್ತಿದ್ದೀರಾ ಅಂತ ಅನುಮಾನ. ಹೌದಾದರೆ ಫೋಟೋಗಳನ್ನು ಫೋಲ್ಡರ್‌ಗೆ ಹಾಕಿ, ಟೇಬಲ್‌ನಲ್ಲಿ ಫೈಲಿನ ಹೆಸರು ಮಾತ್ರ ಇಡಿ.

ಪ್ರಶ್ನೆ (ಬೆಂಗಳೂರಿನಿಂದ)

ಅಕ್ಕ, ನಡುವೆ ಬಾಯಿ ಹಾಕ್ತಿದ್ದೀನಿ, ಕ್ಷಮಿಸಿ. ನಾನು ಒಬ್ಬನೇ ಫ್ರೀಲ್ಯಾನ್ಸರ್. ಸಾವಿರಾರು ಜನರಿರುವ ಕಂಪನಿಯೊಂದಕ್ಕೆ ಕಾಂಟ್ರಾಕ್ಟ್ ಕೆಲಸ. ನನ್ನದೇ ಲ್ಯಾಪ್‌ಟಾಪ್. ಕಮ್ಯುನಿಟಿ ನಡೆಯುತ್ತಾ? ಹಾಗೇ ಜಾವಾಕ್ಕೂ ದುಡ್ಡು ಕಟ್ಟಬೇಕು ಅಂತಾರೆ, ನಿಜವಾ?

ಉತ್ತರ

ಕಮ್ಯುನಿಟಿ ನಡೆಯಲ್ಲಪ್ಪ. ಮೇಲೆ ಹೇಳಿದ 250 ಅಥವಾ 10 ಲಕ್ಷ ಡಾಲರ್ ಮಿತಿ ದಾಟಿ 'ಎಂಟರ್‌ಪ್ರೈಸ್' ಅನ್ನಿಸಿಕೊಳ್ಳುವ ಕಂಪನಿಯ ನೌಕರರಷ್ಟೇ ಅಲ್ಲ, ಕಾಂಟ್ರಾಕ್ಟರ್‌ಗಳಿಗೂ ಅದೇ ನಿಯಮ. ಲ್ಯಾಪ್‌ಟಾಪ್ ಯಾರದು ಅನ್ನುವುದು ಲೆಕ್ಕಕ್ಕಿಲ್ಲ. ಪ್ರೊಫೆಷನಲ್ ಲೈಸೆನ್ಸ್ ಅವರಿಂದಲೇ ಕೇಳಿ, ಕೆಲಸ ಒಪ್ಪಿಕೊಳ್ಳುವಾಗಲೇ ಕೇಳಿ.

ಜಾವಾ ಭಾಷೆಗೆ ಯಾರೂ ದುಡ್ಡು ಕೇಳುವುದಿಲ್ಲ. ಕೇಳುವುದು ಒರಾಕಲ್ ಕಂಪನಿಯ ಜೆಡಿಕೆಯ (ಜಾವಾ ಬರೆಯಲು, ಓಡಿಸಲು ಬೇಕಾದ ಕಿಟ್) ಕೆಲವು ಆವೃತ್ತಿಗಳಿಗೆ, ವ್ಯವಹಾರದಲ್ಲಿ ಬಳಸಿದಾಗ. 2023ರ ಜನವರಿಯಿಂದ ಅವರ ಸಬ್‌ಸ್ಕ್ರಿಪ್ಷನ್ ಲೆಕ್ಕ ಕಂಪನಿಯ ಒಟ್ಟು ನೌಕರರ ಮೇಲೆ, ಜಾವಾ ಮುಟ್ಟದ ಅಕೌಂಟ್ಸ್‌ನವರೂ ಸೇರಿ. ಟೆಮ್ಯುರಿನ್ ಅಥವಾ ಅಮೆಜಾನ್ ಕೊರೆಟೊ ಹಾಕಿಕೊಳ್ಳಿ, ಎರಡೂ ಜೆಡಿಕೆಯ ಮುಕ್ತ ರೂಪವಾದ ಓಪನ್‌ಜೆಡಿಕೆಯಿಂದಲೇ ಕಟ್ಟಿದವು, ಪುಕ್ಕಟೆ. 17, 21, 25ರಂಥ ದೀರ್ಘಕಾಲದ ಸಪೋರ್ಟ್ ಇರುವ ಆವೃತ್ತಿಯನ್ನೇ ಆರಿಸಿ.

ಪ್ರಶ್ನೆ (ಗಂಗಾವತಿಯಿಂದ, ಎರಡು ದಿನ ಬಿಟ್ಟು)

ಮೇಡಂ, ಫೋಟೋ ವಿಷಯ ನೀವು ಹೇಳಿದ್ದೇ ನಿಜ. 2022 ಹಾಕಿದೆ, 4.8ಕ್ಕೆ ಬದಲಿಸಿದೆ, ಒಂದು ಫಾರ್ಮ್ ಬಿಟ್ಟು ಎಲ್ಲಾ ತೆರೆಯುತ್ತಿವೆ. ತೂಕ ಓದುವ ಫಾರ್ಮ್ ಡಿಸೈನರ್‌ನಲ್ಲಿ ಬರುತ್ತಿಲ್ಲ. ಅದರಲ್ಲಿ ಹಳೆಯ ವಿಬಿ6 ಕಾಲದ, ಸೀರಿಯಲ್ ಪೋರ್ಟಿನಿಂದ ತೂಕ ಓದುವ ಎಂಎಸ್‌ಕಾಮ್ ಕಂಟ್ರೋಲ್ ಇದೆ.

ಉತ್ತರ

ಅದು 32 ಬಿಟ್ ಕಂಟ್ರೋಲ್. ವಿಷುಯಲ್ ಸ್ಟುಡಿಯೋ 2022ರಿಂದ 64 ಬಿಟ್ ಆಗಿದೆ, ಹಾಗಾಗಿ ಡಿಸೈನರ್ ಅದನ್ನು ತೋರಿಸಲು ಒದ್ದಾಡುತ್ತದೆ. ಆ ಕಂಟ್ರೋಲ್ ಕಿತ್ತುಹಾಕಿ. ಫ್ರೇಮ್‌ವರ್ಕ್‌ನಲ್ಲೇ ಸೀರಿಯಲ್‌ಪೋರ್ಟ್ ಎಂಬ ಕ್ಲಾಸ್ ಇದೆ, ಅದನ್ನು ಬಳಸಿ. ಬಾಡ್ ರೇಟ್ (ಡೇಟಾ ಬರುವ ವೇಗ), ಪ್ಯಾರಿಟಿ (ತಪ್ಪು ಪತ್ತೆಯ ಬಿಟ್) ಎಲ್ಲ ಹಳೆಯ ಕೋಡಿನಲ್ಲಿದ್ದದ್ದನ್ನೇ ಬರೆದುಕೊಳ್ಳಿ, ವೇಬ್ರಿಡ್ಜ್‌ನ ಇಂಡಿಕೇಟರ್ ಬದಲಾಗಿಲ್ಲ ಅಲ್ವಾ.

ತೂಕ ಬಂದಾಗ ಡೇಟಾ ರಿಸೀವ್ಡ್ ಇವೆಂಟ್ ಫಾರ್ಮ್‌ನ ಥ್ರೆಡ್ (ಜೊತೆಜೊತೆಗೆ ಓಡುವ ಕೆಲಸದ ಎಳೆ) ಬಿಟ್ಟು ಬೇರೆ ಥ್ರೆಡ್‌ನಲ್ಲಿ ಬರುತ್ತದೆ. ಅಲ್ಲಿಂದ ನೇರವಾಗಿ ಲೇಬಲ್‌ಗೆ ಬರೆದರೆ 'ಕ್ರಾಸ್ ಥ್ರೆಡ್' ಎರರ್ ಕೊಡುತ್ತದೆ. ಕೆಲಸವನ್ನು ಫಾರ್ಮ್‌ನ ಥ್ರೆಡ್‌ಗೆ ಒಪ್ಪಿಸಿ ಕಾಯದೆ ಮುಂದೆ ಹೋಗುವ ಬಿಗಿನ್‌ಇನ್ವೋಕ್ ಮೂಲಕ ಬರೆಯಿರಿ. ಮುಗಿಯುವವರೆಗೆ ಕಾಯುವ ಬರೀ ಇನ್ವೋಕ್ ಬಳಸಿದರೆ ಫಾರ್ಮ್ ಮುಚ್ಚುವಾಗ ಪೋರ್ಟ್ ಕ್ಲೋಸ್ ಆಗದೆ ಹ್ಯಾಂಗ್ ಆಗಬಹುದು. ಮೊದಲು ನಿಮಗೆ ಸಲಿಗೆ ಇರುವ ಒಂದೇ ಮಿಲ್‌ನಲ್ಲಿ ಹಾಕಿ ನೋಡಿ, ಅದೂ ಸುಗ್ಗಿ ಮುಗಿದ ಮೇಲೆ.